ಟ್ಯಾಕ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ

ಪ್ರಶ್ನೆ: ನಾನು ಯಲಹಂಕದ ಕಡೆ ಒಂದು ಕಾಲೇಜಿನಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ 24 ರಾಗಿ ಗಿಡಗಳ ಎಲೆಯಿಂದ ಡಿಎನ್‌ಎ ತೆಗೆದು, ಸುಮಾರು 600 ಬೇಸ್ ಉದ್ದದ ಒಂದು ತುಂಡಿಗೆ ಪಿಸಿಆರ್ (ಬಿಸಿ ತಣ್ಣಗೆ ಮಾಡುತ್ತಾ ಆ ತುಂಡನ್ನು ಕೋಟಿಗಟ್ಟಲೆ ನಕಲು ಮಾಡುವುದು) ಮಾಡುತ್ತಿದ್ದೇನೆ. ಒಂದೊಂದು ರಿಯಾಕ್ಷನ್ 25 ಮೈಕ್ರೋಲೀಟರ್. ಡಿಎನ್‌ಎ ಬಿಟ್ಟು ಉಳಿದದ್ದನ್ನೆಲ್ಲ ಒಂದೇ ಟ್ಯೂಬಿನಲ್ಲಿ ಸೇರಿಸಿ ಮಾಸ್ಟರ್ ಮಿಕ್ಸ್ ಮಾಡಿಯೇ ಹಂಚುತ್ತೇನೆ. ಆದರೂ ಮೊದಲ ಏಳೆಂಟು ಟ್ಯೂಬ್‌ಗಳಲ್ಲಿ ಬ್ಯಾಂಡ್ (ಜೆಲ್‌ನಲ್ಲಿ ಕಾಣುವ ಡಿಎನ್‌ಎ ಪಟ್ಟೆ) ಜೋರಾಗಿ ಬರುತ್ತದೆ, ಆಮೇಲೆ ಮಂಕಾಗುತ್ತಾ ಹೋಗುತ್ತದೆ, ಕೊನೆಯ ಐದಾರರಲ್ಲಿ ಏನೂ ಇರುವುದಿಲ್ಲ. ಒಬ್ಬ ಸೀನಿಯರ್ 'ವೋರ್ಟೆಕ್ಸ್ ಮೆಷಿನ್‌ನಲ್ಲಿ ಗಿರಗಿರ ಅಲ್ಲಾಡಿಸಿದ್ರೆ ಎಂಜೈಮ್ ಸತ್ತೋಗುತ್ತೆ, ಟ್ಯೂಬನ್ನ ಎರಡು ಸಲ ತಲೆಕೆಳಗೆ ಮಾಡು, ಸಾಕು' ಅಂತಾರೆ. ಇನ್ನೊಬ್ಬರು ಪ್ರತಿ ಟ್ಯೂಬನ್ನೂ ಪಿಪೆಟ್‌ನಲ್ಲಿ ಇಪ್ಪತ್ತು ಸಲ ಎಳೆದು ಬಿಡು ಅಂತಾರೆ. ಮೂರನೆಯವರು 'ಪಿಸಿಆರ್ ಮೆಷಿನ್‌ನಲ್ಲಿ 95 ಡಿಗ್ರಿಗೆ ಕುದಿಯುವಾಗ ತಾನೇ ಬೆರೆಯುತ್ತೆ' ಅಂತಾರೆ. ಹೋದ ವಾರದಿಂದ ಡಿಎನ್‌ಎ ಹಾಕದ ಟ್ಯೂಬ್‌ನಲ್ಲೂ ಬ್ಯಾಂಡ್ ಕಾಣಿಸುತ್ತಿದೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತಿನಲ್ಲೂ ಚೂರು ಸತ್ಯ ಇದೆ. ಆದರೆ ಮೂವರಲ್ಲಿ ಯಾರೂ ನಿಮ್ಮ ಜೆಲ್ ಫೋಟೊವನ್ನು ಸರಿಯಾಗಿ ನೋಡಿದ ಹಾಗೆ ಕಾಣಲಿಲ್ಲ. 'ಮೊದಲಿನವು ಜೋರು, ಕೊನೆಯವು ಖಾಲಿ' ಎಂದು ಬರೆದಿದ್ದೀರಲ್ಲ, ಆ ಸಾಲಿನಲ್ಲೇ ಅರ್ಧ ಉತ್ತರ ಇದೆ. ಎಂಜೈಮ್ ಸತ್ತಿದ್ದರೆ 24 ಟ್ಯೂಬೂ ಖಾಲಿ ಬರಬೇಕಿತ್ತು. ಅದು ಸಾಲಿನಲ್ಲಿ ನಿಂತು ಒಂದೊಂದಾಗಿ ಸಾಯುವುದಿಲ್ಲ.

ಬೈಟೂ ಕಾಫಿ ನೆನಪಿಸಿಕೊಳ್ಳಿ. ಸಕ್ಕರೆ ಹಾಕಿ, ಕಲಕದೆ, ಎರಡು ಲೋಟಕ್ಕೆ ಹಂಚಿದರೆ ಒಬ್ಬರಿಗೆ ಕಹಿ, ಇನ್ನೊಬ್ಬರಿಗೆ ಪಾಯಸ. ಕಾಫಿಯದೂ ತಪ್ಪಿಲ್ಲ, ಸಕ್ಕರೆಯದೂ ತಪ್ಪಿಲ್ಲ. ನಿಮ್ಮ ಮಾಸ್ಟರ್ ಮಿಕ್ಸ್‌ನಲ್ಲಿ ಆ ಸಕ್ಕರೆ ಅಂದರೆ ಟ್ಯಾಕ್, ಡಿಎನ್‌ಎ ನಕಲು ಮಾಡುವ ಎಂಜೈಮ್. ಅದನ್ನು ಮೈನಸ್ 20 ಡಿಗ್ರಿಯಲ್ಲೂ ಹೆಪ್ಪುಗಟ್ಟದಿರಲಿ ಅಂತ 50 ಶೇಕಡಾ ಗ್ಲಿಸರಾಲ್‌ನಲ್ಲಿ ಇಟ್ಟಿರುತ್ತಾರೆ. ಗ್ಲಿಸರಾಲ್ ನೀರಿಗಿಂತ ಕಾಲು ಪಾಲು ಹೆಚ್ಚು ತೂಕದ್ದು, ಮೇಲಾಗಿ ಜೋನಿಬೆಲ್ಲದ ಹಾಗೆ ಮಂದ. ಬಫರ್ (ಉಪ್ಪುಗಳ ದ್ರಾವಣ), ನೀರು, ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ತುಂಡು) ಎಲ್ಲ ಹಾಕಿದ ಮೇಲೆ ಕೊನೆಗೆ ಟ್ಯಾಕ್ ಬಿಟ್ಟಾಗ ಅದು ಸೀದಾ ತಳಕ್ಕೆ ಇಳಿದು ಟ್ಯೂಬಿನ ಚೂಪು ತುದಿಯಲ್ಲಿ ಕೂರುತ್ತದೆ. ಬೆಳಕಿಗೆ ಹಿಡಿದು ನೋಡಿ, ಎಳೆ ಎಳೆಯಾಗಿ ಇಳಿಯುವುದು ಕಾಣುತ್ತದೆ. ಟ್ಯೂಬನ್ನು ಎರಡು ಸಲ ತಲೆಕೆಳಗೆ ಮಾಡಿದರೆ ಮೇಲಿನ ನೀರು ಓಡಾಡುತ್ತದೆ. ತುದಿಯಲ್ಲಿ ಕೂತದ್ದು ಅಲ್ಲೇ ಕೂತಿರುತ್ತದೆ. ನೀವು ಟಿಪ್ಪನ್ನು ತಳಕ್ಕೆ ತಾಗಿಸಿ ಹೀರುವ ಅಭ್ಯಾಸದವರಾದರೆ ಮೊದಲ ಟ್ಯೂಬ್‌ಗಳಿಗೆ ಎಂಜೈಮಿನ ಹಬ್ಬ, ಕೊನೆಯವಕ್ಕೆ ಉಪವಾಸ. ಮೇಲಿನಿಂದ ಹೀರುವವರಿಗೆ ಇದೇ ಕಥೆ ಉಲ್ಟಾ ನಡೆಯುತ್ತದೆ.

ಇದು ನನಗೂ ಆಗಿದೆ. 2020ರಲ್ಲಿ ಕೋವಿಡ್ ಟೆಸ್ಟಿಂಗ್ ಜೋರಾಗಿದ್ದಾಗ ನಗರದ ಒಂದು ಲ್ಯಾಬ್‌ಗೆ ಹುಡುಗರಿಗೆ ಕಲಿಸಲು ಹೋಗುತ್ತಿದ್ದೆ. ಒಂದು ದಿನ 96 ಗುಳಿಯ ಪ್ಲೇಟಿನಲ್ಲಿ ಕೊನೆಯ ಎರಡು ಕಾಲಂಗಳ ಕಂಟ್ರೋಲ್‌ಗಳು (ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್‌ಗಳು) ಎರಡು ಸೈಕಲ್ ತಡವಾಗಿ ಬಂದವು. ಒಂದು ಸೈಕಲ್ ಅಂದರೆ ಒಂದು ಬಿಸಿ ತಣ್ಣಗಿನ ಸುತ್ತು, ಅದಕ್ಕೆ ಡಿಎನ್‌ಎ ಎರಡು ಪಟ್ಟು, ಎರಡು ಸೈಕಲ್‌ಗೆ ನಾಲ್ಕು ಪಟ್ಟು. ಅರ್ಧ ದಿನ ಮೆಷಿನ್ನನ್ನು ಬೈದುಕೊಂಡೆವು. ಕೊನೆಗೆ ನೋಡಿದರೆ, ಆ ದಿನ ಮಿಕ್ಸ್ ಮಾಡಿದ್ದವನು ನಾನೇ. ಫೋನ್ ಬಂತು ಅಂತ ಕಲಕದೆ ಎದ್ದು ಹೋಗಿದ್ದೆ.

ಆದರೂ ಒಂದು ಅನುಮಾನವನ್ನು ಮೊದಲು ತೀರಿಸಿಕೊಳ್ಳಿ. ನೀವು ಪ್ರತಿ ಸಲವೂ 1ನೇ ಗಿಡದಿಂದ 24ನೇ ಗಿಡದವರೆಗೆ ಅದೇ ಕ್ರಮದಲ್ಲಿ ಹಾಕುತ್ತಿದ್ದೀರಾ? ಹಾಗಿದ್ದರೆ ತಪ್ಪು ಮಿಕ್ಸ್‌ನದೋ, ಕೊನೆಯ ಆರು ಗಿಡಗಳ ಡಿಎನ್‌ಎಯದೋ ಹೇಳಲಾಗದು. ಮುಂದಿನ ಸಲ ಕ್ರಮ ತಿರುಗಿಸಿ. 24ನೇ ಗಿಡಕ್ಕೆ ಮೊದಲು ಮಿಕ್ಸ್ ಹಾಕಿ, 1ನೆಯದಕ್ಕೆ ಕೊನೆಗೆ. ಖಾಲಿ ಬ್ಯಾಂಡ್‌ಗಳು 1, 2, 3ರ ಕಡೆ ಓಡಿಹೋದರೆ ತಪ್ಪು ಕಲಕಿದ್ದರಲ್ಲಿದೆ. 24, 23, 22ರಲ್ಲೇ ಉಳಿದುಕೊಂಡರೆ ಡಿಎನ್‌ಎ ಕಡೆ ನೋಡಬೇಕು. ಕಾಸು ಖರ್ಚಿಲ್ಲದ ಪರೀಕ್ಷೆ. ಇದನ್ನು ಮಾಡದೆ ಹೊಸ ಎಂಜೈಮ್ ತರಿಸುವವರೇ ಜಾಸ್ತಿ.

ಈಗ ವೋರ್ಟೆಕ್ಸ್ ಭಯದ ವಿಷಯ. ಟ್ಯಾಕ್ ಬಂದದ್ದು ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದಿಂದ. ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ, 70 ಡಿಗ್ರಿಯಲ್ಲಿ ಆರಾಮಾಗಿ ಬದುಕುವ ಜೀವಿ ಅದು. ಈ ಎಂಜೈಮನ್ನು 95 ಡಿಗ್ರಿಯಲ್ಲಿ ಇಟ್ಟರೂ ಅರ್ಧ ಶಕ್ತಿ ಕಳೆದುಕೊಳ್ಳಲು ಸುಮಾರು 40 ನಿಮಿಷ ಬೇಕು. ನೀವು ಅದನ್ನು 30–35 ಸಲ 95 ಡಿಗ್ರಿಗೆ ಏರಿಸಿ ಇಳಿಸುತ್ತೀರಿ. ಅದನ್ನು ತಾಳಿಕೊಳ್ಳುವ ಎಂಜೈಮ್ ಐದು ಸೆಕೆಂಡಿನ ವೋರ್ಟೆಕ್ಸ್‌ಗೆ ಯಾಕೆ ಸಾಯುತ್ತದೆ?

ಹಾಗಂತ ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. ಪ್ರೋಟೀನಿಗೆ ನಿಜವಾದ ಶತ್ರು ಅಲುಗಾಟವಲ್ಲ, ನೊರೆ. ಗಾಳಿಗುಳ್ಳೆಯ ಮೈಮೇಲೆ ಬಂದು ಕೂತ ಪ್ರೋಟೀನ್ ಅಲ್ಲಿ ಬಿಚ್ಚಿಕೊಂಡು ಕೆಡಬಹುದು. ನಿಮಿಷಗಟ್ಟಲೆ ವೋರ್ಟೆಕ್ಸ್ ಮಾಡಿ ನೊರೆ ಎಬ್ಬಿಸಿದರೆ ಸ್ವಲ್ಪ ಎಂಜೈಮ್ ಹಾಳಾಗುತ್ತದೆ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಡಿಎನ್‌ಎ ಕತ್ತರಿಸುವ ರಿಸ್ಟ್ರಿಕ್ಷನ್ ಎಂಜೈಮ್‌ಗಳು ಟ್ಯಾಕ್‌ಗಿಂತ ನಾಜೂಕು. ಅವುಗಳಿಗೆ ಕಲಿತ ಎಚ್ಚರಿಕೆಯನ್ನೇ ಜನ ಟ್ಯಾಕ್‌ಗೂ ಅಂಟಿಸಿದ್ದಾರೆ ಅನ್ನುವುದು ನನ್ನ ಅಂದಾಜು. ಇನ್ನೊಂದು ಕಾರಣ ಡಿಎನ್‌ಎಯದು. ಉದ್ದನೆಯ ಜೀನೋಮಿಕ್ ಡಿಎನ್‌ಎ ವೋರ್ಟೆಕ್ಸ್‌ನಲ್ಲಿ ತುಂಡಾಗುತ್ತದೆ. ನಿಮಗೆ ಬೇಕಿರುವುದು 600 ಬೇಸ್, ಆದ್ದರಿಂದ ಅಲ್ಲಿ ಇಲ್ಲಿ ತುಂಡಾದರೂ ನಷ್ಟವಿಲ್ಲ. ಹತ್ತು ಸಾವಿರ ಬೇಸ್ ಎಳೆಯಬೇಕಾದ ದಿನ ಖಂಡಿತ ವೋರ್ಟೆಕ್ಸ್ ಬೇಡ.

ಹಾಗಾಗಿ ನನ್ನ ಲೆಕ್ಕ ಹೀಗೆ. ಎಂಜೈಮಿನ ಮೂಲ ಟ್ಯೂಬನ್ನು ವೋರ್ಟೆಕ್ಸ್‌ಗೆ ಹಿಡಿಯಬೇಡಿ. ಬೆರಳಿನಿಂದ ನಾಲ್ಕೈದು ಸಲ ತಟ್ಟಿ, ಚಿಕ್ಕ ಸ್ಪಿನ್ ಕೊಡಿ (ಮಿನಿಫ್ಯೂಜ್‌ನಲ್ಲಿ ತಿರುಗಿಸಿ ಹನಿಗಳನ್ನೆಲ್ಲ ತಳಕ್ಕೆ ಇಳಿಸುವುದು). ಎಂಜೈಮ್ ಸೇರಿದ ಮಾಸ್ಟರ್ ಮಿಕ್ಸನ್ನು ಮಾತ್ರ ಮುಚ್ಚಳ ಬಿಗಿಮಾಡಿ ಮೂರರಿಂದ ಐದು ಸೆಕೆಂಡ್ ವೋರ್ಟೆಕ್ಸ್ ಮಾಡಿ, ಸ್ಪಿನ್ ಮಾಡಿ, ಮತ್ತೊಮ್ಮೆ ವೋರ್ಟೆಕ್ಸ್, ಮತ್ತೆ ಸ್ಪಿನ್. ಮನಸ್ಸು ಒಪ್ಪದಿದ್ದರೆ ಹತ್ತು ಹನ್ನೆರಡು ಸಲ ತಲೆಕೆಳಗೆ ಮಾಡಿ, ಪ್ರತಿ ಸಲವೂ ತುದಿಯನ್ನು ಬೆರಳಿನಿಂದ ತಟ್ಟಿ. ಎರಡು ಸಲ ಸಾಲದು. 'ಸ್ಪಿನ್ ಮಾಡಿದರೆ ಎಂಜೈಮ್ ತಳಕ್ಕೆ ಹೋಗಿಬಿಡುತ್ತೆ' ಅಂತಲೂ ಒಂದು ಮಾತು ಓಡಾಡುತ್ತಿರುತ್ತದೆ. ಒಮ್ಮೆ ಸರಿಯಾಗಿ ಕರಗಿ ಬೆರೆತ ಪ್ರೋಟೀನು ಆ ಪುಟ್ಟ ಮಿನಿಫ್ಯೂಜ್‌ನಲ್ಲಿ ಹತ್ತು ಸೆಕೆಂಡ್ ತಿರುಗಿದರೆ ಬೇರೆಯಾಗುವುದಿಲ್ಲ. ಬೆರೆಸುವ ಮೊದಲೇ ಸ್ಪಿನ್ ಮಾಡಿದರೆ ಮಾತ್ರ ಗ್ಲಿಸರಾಲ್ ಇನ್ನೂ ಚೆನ್ನಾಗಿ ತಳ ಸೇರುತ್ತದೆ.

ಎಂಜೈಮಿಗಿಂತ ನನಗೆ ಜಾಸ್ತಿ ಅನುಮಾನ ಬರುವುದು ಬಫರ್ ಮೇಲೆ. ಇದನ್ನು ನಿಮ್ಮ ಮೂವರು ಸೀನಿಯರ್‌ಗಳೂ ಹೇಳಿಲ್ಲ. 10 ಪಟ್ಟು ಗಟ್ಟಿ ಇರುವ ಬಫರ್ ಹೆಪ್ಪುಗಟ್ಟುವಾಗ ಮೊದಲು ನೀರು ಮಂಜಾಗುತ್ತದೆ, ಉಪ್ಪುಗಳೆಲ್ಲ ಒಂದು ಕಡೆ ಸೇರಿಕೊಳ್ಳುತ್ತವೆ. ಕರಗಿದ ಮೇಲೂ ಅದು ಪದರ ಪದರವಾಗಿಯೇ ಇರುತ್ತದೆ. ನೋಡಲು ಮಾತ್ರ ತಿಳಿನೀರು. ಮೇಲಿನ ಪದರದಿಂದ ತೆಗೆದರೆ ಮೆಗ್ನೀಸಿಯಂ ಕಡಿಮೆ. ಪಿಸಿಆರ್‌ಗೆ ಮೆಗ್ನೀಸಿಯಂ ಎಷ್ಟು ಸೂಕ್ಷ್ಮ ನೋಡಿ. ಸಾಮಾನ್ಯವಾಗಿ 1.5 ಮಿಲಿಮೋಲಾರ್ ಇಡುತ್ತೇವೆ. ಹೊಸ ಡಿಎನ್‌ಎ ಕಟ್ಟುವ ಇಟ್ಟಿಗೆಗಳಾದ ನಾಲ್ಕು ಡಿಎನ್‌ಟಿಪಿಗಳು ತಲಾ 200 ಮೈಕ್ರೋಮೋಲಾರ್, ಒಟ್ಟು 0.8 ಮಿಲಿಮೋಲಾರ್. ಅಷ್ಟೇ ಮೆಗ್ನೀಸಿಯಂ ಅವುಗಳಿಗೆ ಅಂಟಿಕೊಂಡು ಹೋಗುತ್ತದೆ. ಎಂಜೈಮಿಗೆ ಉಳಿಯುವುದು 0.7. ನಿಮ್ಮ ಡಿಎನ್‌ಎ ಟಿಇ ಬಫರ್‌ನಲ್ಲಿದ್ದರೆ ಅದರಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಇನ್ನೊಂದಿಷ್ಟು ಮೆಗ್ನೀಸಿಯಂ ಕಚ್ಚಿಕೊಳ್ಳುತ್ತದೆ. 5 ಮೈಕ್ರೋಲೀಟರ್ ಟಿಇ ಹಾಕಿದರೆ 0.2 ಹೋಯಿತು. ಇಷ್ಟು ಇಕ್ಕಟ್ಟಿನಲ್ಲಿ ಬಫರಿನ ಪದರದ ವ್ಯತ್ಯಾಸವೂ ಸೇರಿದರೆ ಬ್ಯಾಂಡ್ ಮಾಯ. ಒಂದು ವಾರ ಚೆನ್ನಾಗಿ ಬಂದು ಮುಂದಿನ ವಾರ ಕೈಕೊಡುವ ಪಿಸಿಆರ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬಹಳಷ್ಟರಲ್ಲಿ ಅರ್ಧ ಕರಗಿದ ಬಫರಿನಿಂದ ಆತುರದಲ್ಲಿ ತೆಗೆದದ್ದೇ ಕಾರಣ. ಬಫರ್, ಮೆಗ್ನೀಸಿಯಂ ಕ್ಲೋರೈಡ್, ಡಿಎನ್‌ಟಿಪಿ, ಪ್ರೈಮರ್ ಎಲ್ಲ ಪೂರ್ತಿ ಕರಗಲಿ. ಒಂದೊಂದನ್ನೂ ಐದಾರು ಸೆಕೆಂಡ್ ಧೈರ್ಯವಾಗಿ ವೋರ್ಟೆಕ್ಸ್ ಮಾಡಿ. ಇವುಗಳಲ್ಲಿ ಸಾಯುವಂಥದ್ದು ಏನೂ ಇಲ್ಲ.

ಇಪ್ಪತ್ತು ಸಲ ಎಳೆದು ಬಿಡುವ ಸಲಹೆ ಕೆಟ್ಟದ್ದಲ್ಲ. ಆದರೆ ಅದನ್ನು ಮಾಡುವ ರೀತಿ ಬಹುತೇಕ ತಪ್ಪು. 2 ಮೈಕ್ರೋಲೀಟರ್ ಡಿಎನ್‌ಎ ಹಾಕಿ, ಪಿಪೆಟ್ಟನ್ನು 2ರಲ್ಲೇ ಇಟ್ಟು 25 ಮೈಕ್ರೋಲೀಟರನ್ನು ಕಲಕುತ್ತಾರೆ. ಕೊಡದ ನೀರನ್ನು ಉದ್ಧರಣೆಯಲ್ಲಿ ಕಲಕಿದ ಹಾಗೆ. ಕಲಕಬೇಕಾದರೆ ಪಿಪೆಟ್ಟಿನಲ್ಲಿ ಒಟ್ಟು ಗಾತ್ರದ ಅರ್ಧಕ್ಕಿಂತ ಹೆಚ್ಚಿರಬೇಕು. 25ಕ್ಕೆ 15–18. ತಳದಿಂದ ಹೀರಿ, ಸ್ವಲ್ಪ ಮೇಲೆ ಬಿಡಿ, ನಿಧಾನವಾಗಿ ಎಂಟು ಹತ್ತು ಸಲ. ಪಿಪೆಟ್ಟಿನ ಎರಡನೇ ನಿಲುಗಡೆಯವರೆಗೆ ಒತ್ತಬೇಡಿ, ಗುಳ್ಳೆ ಬರುತ್ತದೆ. ಮಾಮೂಲಿ ಪಿಸಿಆರ್‌ಗೆ ಒಂದೆರಡು ಗುಳ್ಳೆಯಿಂದ ತೊಂದರೆ ಇಲ್ಲ. ಬೆಳಕು ಅಳೆಯುವ ರಿಯಲ್‌ಟೈಮ್ ಪಿಸಿಆರ್‌ನಲ್ಲಿ ಮಾತ್ರ ಗುಳ್ಳೆ ಗೋಳು ಹುಯ್ಯುತ್ತದೆ. ಈ ವಿಧಾನದ ಬೆಲೆ ಬೇರೆ ಇದೆ. 24 ಗಿಡ, ಎರಡು ಕಂಟ್ರೋಲ್ ಸೇರಿ 26 ಟ್ಯೂಬಿನ ಬಾಯಿ ತೆರೆದಿರುತ್ತದೆ, ಪ್ರತಿಯೊಂದಕ್ಕೂ ಹೊಸ ಟಿಪ್ ಬೇಕು, ತುಂತುರು ಹಾರುತ್ತದೆ. ಅದಕ್ಕೇ ನಾನು ಮುಚ್ಚಿದ ಟ್ಯೂಬನ್ನು ಅಲ್ಲಾಡಿಸುವ ಪಕ್ಷದವನು. ಆದರೆ 0.2 ಮಿಲಿಲೀಟರ್ ಟ್ಯೂಬಿನ ಚೂಪು ತಳದಲ್ಲಿ 25 ಮೈಕ್ರೋಲೀಟರ್ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಮೆಲ್ಲಗೆ ವೋರ್ಟೆಕ್ಸ್ ಮಾಡಿದರೆ ಕದಲುವುದೇ ಇಲ್ಲ. ಪೂರ್ತಿ ವೇಗಕ್ಕಿಟ್ಟು ಎರಡು ಮೂರು ಸೆಕೆಂಡ್, ಆಮೇಲೆ ತಪ್ಪದೆ ಸ್ಪಿನ್.

ಇನ್ನು ಮೆಷಿನ್ನೇ ಕಲಕುತ್ತದೆ ಎಂಬ ಮಾತು. ಮೊದಲಿಗೆ, 95 ಡಿಗ್ರಿಯಲ್ಲಿ ಅದು ಕುದಿಯುವುದೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. (ಕೆಲವು ಎಂಜೈಮ್‌ಗಳಿಗೆ 98 ಡಿಗ್ರಿ ಇಡಲು ಹೇಳುತ್ತಾರೆ. ನಮ್ಮೂರಲ್ಲಿ ಅದು ಕುದಿಬಿಂದುವಿಗಿಂತ ಮೇಲೆ! ಮುಚ್ಚಳ ಸರಿಯಾಗಿ ಕೂರದಿದ್ದರೆ ಟ್ಯೂಬ್ ಒಣಗಿಹೋಗಲು ಅದಷ್ಟೇ ಸಾಕು.) ಇನ್ನು ತಾನಾಗಿ ಹರಡಿಕೊಳ್ಳುವ ಮಾತು. ಟ್ಯಾಕ್ ದೊಡ್ಡ ಪ್ರೋಟೀನ್, ಸುಮಾರು 94 ಕಿಲೋಡಾಲ್ಟನ್. ನಿಂತ ನೀರಿನಲ್ಲಿ ಅದು 2 ಮಿಲಿಮೀಟರ್ ದಾರಿ ಹರಡಿಕೊಳ್ಳಲು ಲೆಕ್ಕದ ಪ್ರಕಾರ ಹತ್ತು ಗಂಟೆಯ ಹತ್ತಿರ ಬೇಕು. ಬಿಸಿಯಾದಾಗ ಇದು ಚುರುಕಾಗುತ್ತದೆ, ಬಿಸಿ ತಣ್ಣಗೆ ಆಗುವಾಗ ದ್ರವವೂ ಸ್ವಲ್ಪ ತಿರುಗಾಡುತ್ತದೆ. ಅದರಿಂದಲೇ ಡಿಎನ್‌ಎಯನ್ನು ಸುಮ್ನೆ ಹಾಕಿ, ಕಲಕದೆ ಮೆಷಿನ್‌ಗೆ ಇಟ್ಟವರಿಗೂ ಎಷ್ಟೋ ಸಲ ಬ್ಯಾಂಡ್ ಬರುತ್ತದೆ. ನಿಮ್ಮ ಮೂರನೇ ಸೀನಿಯರ್ ಸುಳ್ಳು ಹೇಳುತ್ತಿಲ್ಲ, ಅವರಿಗೆ ಅದೃಷ್ಟ ಚೆನ್ನಾಗಿದೆ. ಆದರೆ ಮೊದಲ ಕೆಲವು ಸೈಕಲ್‌ಗಳಲ್ಲಿ ಹಿಂದೆ ಬಿದ್ದದ್ದು ಕೊನೆಯವರೆಗೂ ಹಿಂದೆಯೇ. ಅದಕ್ಕಿಂತ ದೊಡ್ಡ ವಿಷಯ, ಹಂಚುವ ಮೊದಲೇ ಬೆರೆಯದೆ ಹೋದ ಮಾಸ್ಟರ್ ಮಿಕ್ಸನ್ನು ಯಾವ ಮೆಷಿನ್ನೂ ಸರಿಮಾಡದು. 20ನೇ ಟ್ಯೂಬಿಗೆ ಎಂಜೈಮ್ ಬಿದ್ದೇ ಇಲ್ಲದಿದ್ದರೆ ಕಲಕುವುದೇನನ್ನು?

ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. 24 ಗಿಡ, ಒಂದು ಪಾಸಿಟಿವ್ (ಬ್ಯಾಂಡ್ ಬರುವುದು ಗೊತ್ತಿರುವ ಡಿಎನ್‌ಎ), ಒಂದು ನೆಗೆಟಿವ್ (ಡಿಎನ್‌ಎ ಹಾಕದ್ದು), ಒಟ್ಟು 26. ಶೇಕಡಾ 10 ಹೆಚ್ಚಿಗೆ ಸೇರಿಸಿ 29ಕ್ಕೆ ಮಿಕ್ಸ್ ಮಾಡಿ. ಡಿಎನ್‌ಎ 2 ಮೈಕ್ರೋಲೀಟರ್ ಆದರೆ ಮಿಕ್ಸ್ ತಲಾ 23, ಒಟ್ಟು 667. ಇದರಲ್ಲಿ 10 ಪಟ್ಟು ಬಫರ್ 72.5, ಒಂದು ಮೈಕ್ರೋಲೀಟರಿಗೆ 5 ಯೂನಿಟ್ ಇರುವ ಟ್ಯಾಕ್ 7.25. ಒಂದೇ ಟ್ಯೂಬಿಗಾದರೆ ಟ್ಯಾಕ್ 0.25 ಮೈಕ್ರೋಲೀಟರ್. ಅಷ್ಟನ್ನು ಕೈಯಲ್ಲಿ ನಂಬಿಕೆಯಿಂದ ಅಳೆಯುವವರು ಯಾರೂ ಇಲ್ಲ, ನಾನೂ ಇಲ್ಲ. ಟಿಪ್ಪಿನ ಹೊರಮೈಗೆ ಅಂಟುವ ಗ್ಲಿಸರಾಲೇ ಅದಕ್ಕಿಂತ ಹೆಚ್ಚಿರಬಹುದು. ಟ್ಯಾಕ್ ತೆಗೆಯುವಾಗ ಟಿಪ್ಪಿನ ತುದಿ ಮಾತ್ರ ಮುಳುಗಿಸಿ, ನಿಧಾನವಾಗಿ ಎಳೆಯಿರಿ, ಎರಡು ಎಣಿಸಿ, ಆಮೇಲೆ ಹೊರಗೆ ತೆಗೆಯಿರಿ. ಮಿಕ್ಸ್‌ಗೆ ಬಿಟ್ಟ ಮೇಲೆ ಅದೇ ಮಿಕ್ಸನ್ನು ಎರಡು ಸಲ ಹೀರಿ ಟಿಪ್ಪು ತೊಳೆಯಿರಿ.

ಹಾಕುವ ಕ್ರಮದ ಬಗ್ಗೆ ಜಗಳ ಬೇಡ. ನೀರು ಮೊದಲು, ಎಂಜೈಮ್ ಕೊನೆಗೆ. ತಪ್ಪು ತಿದ್ದುವ ಪ್ರೂಫ್‌ರೀಡಿಂಗ್ ಎಂಜೈಮ್ ಬಳಸಿದರೆ ಇದಕ್ಕೆ ಗಟ್ಟಿ ಕಾರಣವೂ ಇದೆ. ಡಿಎನ್‌ಟಿಪಿ ಇಲ್ಲದಾಗ ಅವು ಪ್ರೈಮರನ್ನೇ ತುದಿಯಿಂದ ಕಡಿಯಬಲ್ಲವು.

ರೆಡಿ 2 ಪಟ್ಟು ಮಿಕ್ಸ್ ತಗೊಳ್ಳಲಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ತಗೊಳ್ಳಿ, ಕೈಕೆಲಸ ಕಡಿಮೆ. ದುಡ್ಡು ಜಾಸ್ತಿ, ಮೆಗ್ನೀಸಿಯಂ ಇಳಿಸುವ ಸ್ವಾತಂತ್ರ್ಯ ಇಲ್ಲ. ಅದನ್ನೂ ಕರಗಿಸಿ ಚೆನ್ನಾಗಿ ಬೆರೆಸಲೇಬೇಕು, ಅದರಲ್ಲೂ ಪದರ ಕಟ್ಟುತ್ತದೆ. ಹಾಟ್ ಸ್ಟಾರ್ಟ್ ಟ್ಯಾಕ್ ಇನ್ನೊಂದು ದಾರಿ. ಬಿಸಿಯಾಗುವವರೆಗೆ ಅದು ಮಲಗಿರುತ್ತದೆ, ಆದ್ದರಿಂದ ನಿಧಾನ ಕೈಯವರಿಗೆ ಸಮಯ ಸಿಗುತ್ತದೆ. ಮಾಮೂಲಿ ಟ್ಯಾಕ್ ಟೇಬಲ್ ಮೇಲಿನ 27 ಡಿಗ್ರಿಯಲ್ಲೂ ಅಷ್ಟಿಷ್ಟು ಕೆಲಸ ಶುರು ಹಚ್ಚಿಕೊಳ್ಳುತ್ತದೆ, ಪ್ರೈಮರ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅರ್ಧ ಗಂಟೆ ಹಂಚುವವರು ಐಸ್ ಮೇಲೆ ಹಂಚಿ. ಐಸ್‌ನಲ್ಲಿ ಗ್ಲಿಸರಾಲ್ ಇನ್ನೂ ಮಂದವಾಗುತ್ತದೆ ಎಂಬುದು ನೆನಪಿರಲಿ.

ಕೊನೆಗೆ ನಿಮ್ಮ ನೆಗೆಟಿವ್ ಟ್ಯೂಬಿನ ಬ್ಯಾಂಡ್. ಅದು 600 ಬೇಸ್ ಜಾಗದಲ್ಲಿದೆಯಾ, 100ರ ಕೆಳಗೆ ಮಸುಕಾಗಿದೆಯಾ? ಕೆಳಗಿದ್ದರೆ ಪ್ರೈಮರ್‌ಗಳೇ ಅಂಟಿಕೊಂಡದ್ದು, ಗಾಬರಿ ಬೇಡ. 600ರಲ್ಲೇ ಇದ್ದರೆ ಹಳೆಯ ಪಿಸಿಆರ್ ಸರಕು ಹೊಸದಕ್ಕೆ ಬಿದ್ದಿದೆ. ಮುಗಿದ ಒಂದು ಟ್ಯೂಬಿನಲ್ಲಿ ಲಕ್ಷ ಕೋಟಿ ಪ್ರತಿಗಳವರೆಗೆ ಇರಬಹುದು. ಅದರ ಒಂದು ಮೈಕ್ರೋಲೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ ಹಾರಿ ಬಿದ್ದರೂ ಸಾವಿರಾರು ಪ್ರತಿ ಬಂದ ಹಾಗೆ. ಇಪ್ಪತ್ತು ಸಲ ಎಳೆದು ಬಿಡುವುದನ್ನು ನೀವು ಶುರುಮಾಡಿದ್ದು ಯಾವಾಗ? ಹೋದ ವಾರವೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ನೀರು, ಪ್ರೈಮರ್‌ಗಳ ಬಳಕೆಯಲ್ಲಿರುವ ಸಣ್ಣ ಟ್ಯೂಬ್‌ಗಳನ್ನು ಎಸೆದು ಹೊಸದು ಮಾಡಿ. ಟೇಬಲ್ಲನ್ನು ಹತ್ತಕ್ಕೆ ಒಂದು ಪಾಲು ಬ್ಲೀಚ್‌ನಲ್ಲಿ ಒರೆಸಿ, ಹತ್ತು ನಿಮಿಷ ಬಿಟ್ಟು ನೀರಿನಲ್ಲಿ ಒರೆಸಿ. ಪಿಪೆಟ್ಟಿನ ಲೋಹದ ಭಾಗಕ್ಕೂ ಮೆಷಿನ್ನಿನ ಬ್ಲಾಕಿಗೂ ಬ್ಲೀಚ್ ತಾಗಿಸಬೇಡಿ. ಜೆಲ್ ಲೋಡ್ ಮಾಡುವ ಪಿಪೆಟ್ ಮಿಕ್ಸ್ ಮಾಡುವ ಟೇಬಲ್ಲಿಗೆ ಬರಲೇಬಾರದು. ಫಿಲ್ಟರ್ ಟಿಪ್ ಸಿಕ್ಕರೆ ಒಳ್ಳೆಯದು. ಮತ್ತೆ, ದಯವಿಟ್ಟು ತಲೆ ಮೇಲಿನ ಫ್ಯಾನ್ ಆಫ್ ಮಾಡಿ. ಏಪ್ರಿಲ್‌ನಲ್ಲಿ ಕಷ್ಟ, ನನಗೂ ಗೊತ್ತು. (ಆಯುಧ ಪೂಜೆಗೆ ಮೆಷಿನ್ನಿಗೆ ಹೂವು ಇಡಿ, ಬೇಡ ಅನ್ನುವುದಿಲ್ಲ. ಕುಂಕುಮ ಮಾತ್ರ ಬ್ಲಾಕಿನ ಗುಳಿಗೆ ಬೀಳದಿರಲಿ. ಗುಳಿ ಒರೆಸಲು ನಾನೊಮ್ಮೆ ಒಂದು ಮಧ್ಯಾಹ್ನ ಕಳೆದಿದ್ದೇನೆ.)

ಮುಂದಿನ ಪಿಸಿಆರ್‌ಗೆ ಮೊದಲು ಒಂದು ಆಟ ಆಡಿ. 1.5 ಮಿಲಿಲೀಟರ್ ಟ್ಯೂಬಿನಲ್ಲಿ 660 ಮೈಕ್ರೋಲೀಟರ್ ನೀರು ತಗೊಂಡು, ಜೆಲ್‌ಗೆ ಹಾಕುವ ನೀಲಿ ಲೋಡಿಂಗ್ ಡೈ 7 ಮೈಕ್ರೋಲೀಟರ್ ತಳಕ್ಕೆ ಬಿಡಿ. ಅದರಲ್ಲೂ ಸಾಮಾನ್ಯವಾಗಿ ಗ್ಲಿಸರಾಲ್ ಇರುತ್ತದೆ. ಎರಡು ಸಲ ತಲೆಕೆಳಗೆ ಮಾಡಿ ನೋಡಿ, ಆಮೇಲೆ ಹತ್ತು ಸಲ, ಆಮೇಲೆ ವೋರ್ಟೆಕ್ಸ್. ನಿಮ್ಮ ಮೊದಲ ಸೀನಿಯರನ್ನೂ ಪಕ್ಕಕ್ಕೆ ಕರೆದುಕೊಳ್ಳಿ. ಅದಾದ ಮೇಲೆ ಚೆನ್ನಾಗಿ ಬ್ಯಾಂಡ್ ಬರುವ ಒಂದೇ ಗಿಡದ ಡಿಎನ್‌ಎಯನ್ನು ಎಂಟು ಟ್ಯೂಬಿಗೆ ಹಾಕಿ ಪಿಸಿಆರ್ ಮಾಡಿ. ಎಂಟೂ ಒಂದೇ ಸಮ ಬಂದರೆ ನಿಮ್ಮ ಕೈ ಸರಿಯಾಗಿದೆ. ಆಗಲೂ ಕೆಲವು ಗಿಡಗಳು ಹಟ ಮಾಡಿದರೆ ಅವುಗಳ ಡಿಎನ್‌ಎಯಲ್ಲಿ ಎಲೆಯ ಅಂಟು, ಪಾಲಿಫಿನಾಲ್‌ನಂಥ ಪಿಸಿಆರ್ ತಡೆಯುವ ವಸ್ತು ಉಳಿದಿದೆ ಅಂತ. ಅಂಥ ಡಿಎನ್‌ಎ ತನ್ನ ಟ್ಯೂಬಿನಲ್ಲೇ ಸಮನಾಗಿ ಹರಡಿರುವುದಿಲ್ಲ. ಒಂದು ಸಲ ಎಳೆದಾಗ ಮುದ್ದೆ ಬರುತ್ತದೆ, ಇನ್ನೊಂದು ಸಲ ಬರೀ ನೀರು. 55 ಡಿಗ್ರಿಯಲ್ಲಿ ಹತ್ತು ನಿಮಿಷ ಬೆಚ್ಚಗೆ ಮಾಡಿ, ಮೆಲ್ಲಗೆ ಬೆರೆಸಿ, ಹತ್ತು ಪಟ್ಟು ತೆಳು ಮಾಡಿ ಹಾಕಿ ನೋಡಿ. ತೆಳು ಮಾಡಿದ್ದರಲ್ಲೇ ಬ್ಯಾಂಡ್ ಜೋರಾಗಿ ಬಂದರೆ ನನಗೊಂದು ಫೋಟೊ ಕಳಿಸಿ, ಎಲೆಯಿಂದ ಡಿಎನ್‌ಎ ತೆಗೆಯುವ ವಿಧಾನದ ಬಗ್ಗೆ ಆಗ ಮಾತಾಡೋಣ.